ಕಾಂಡ್ಲಾ ನೆಡುವ ಮೊದಲು ಊರಿನವರ ಜೊತೆ ಮಾತು ಯಾಕೆ ಬೇಕು?

ಈಚಿನ ಮಳೆಗಾಲಗಳಲ್ಲಿ ಕರಾವಳಿಯ ಅಳಿವೆ ಊರುಗಳಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹೊಳೆದಂಡೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಲು ಬರುತ್ತಾರಂತೆ, ಶಾಲೆ ಮಕ್ಕಳನ್ನೂ ಕರೆದಿದ್ದಾರಂತೆ, ಪಂಚಾಯ್ತಿಯಲ್ಲಿ ಒಂದು ಜಾಗೃತಿ ಸಭೆಯೂ ಉಂಟಂತೆ. ಸಭೆಗೆ ಹೋದವರಿಗೆ ಭಾಷಣ, ಚಹಾ, ಒಂದು ಫೋಟೊ. ಆದರೆ ಈ ಗಿಡ ಯಾಕೆ, ಇಲ್ಲೇ ಯಾಕೆ, ನಮ್ಮ ಬಲೆ, ದೋಣಿ, ಗದ್ದೆಗಳಿಗೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆಗಳು ಹಲವು ಸಲ ಹಾಗೇ ಉಳಿದುಬಿಡುತ್ತವೆ.

ಈ ಚಟುವಟಿಕೆ ಹೆಚ್ಚಲು ಎರಡು ಕಾರಣಗಳನ್ನು ಹೇಳಬಹುದು. ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ‘ಮಿಷ್ಟಿ’ ಎಂಬ ಯೋಜನೆ ಘೋಷಿಸಿ ಅದೇ ವರ್ಷ ಜೂನ್ 5ರಂದು ಚಾಲನೆ ಕೊಟ್ಟಿತು. ಒಂಬತ್ತು ರಾಜ್ಯ ಮತ್ತು ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಐದು ವರ್ಷಗಳಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಕಾಡನ್ನು ಬೆಳೆಸುವುದು, ಇಲ್ಲವೇ ಹಾಳಾದದ್ದನ್ನು ಸರಿಪಡಿಸುವುದು ಅದರ ಗುರಿ. ಮರುವರ್ಷ ಜನವರಿ ಕೊನೆಗೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಅಂಕಸಮುದ್ರ ಮತ್ತು ಮಾಗಡಿ ಕೆರೆಗಳೂ ಅದೇ ದಿನ ಸೇರಿದವು.

ಕಾಂಡ್ಲಾ ಬೇರೆ ಗಿಡಗಳ ಹಾಗಲ್ಲ

ಸಿಹಿನೀರು ಉಪ್ಪುನೀರಿಗೆ ಬೆರೆಯುವ ಅಳಿವೆಯ ಕೆಸರಿನಲ್ಲಿ ಬೆಳೆಯುವ ಮರಗಳ ಗುಂಪಿಗೆ ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಎನ್ನುತ್ತಾರೆ. ಇದು ಒಂದೇ ಜಾತಿಯ ಗಿಡವಲ್ಲ. ಬೊಡ್ಡೆಯಿಂದ ಸುತ್ತಲೂ ಕಮಾನಿನ ಹಾಗೆ ಬೇರು ಇಳಿಬಿಟ್ಟು ನಿಂತಿರುವುದು ರೈಜೋಫೋರಾ. ಕೆಸರಿನಿಂದ ಮೇಲಕ್ಕೆ ಚೂಪಾದ ಬೇರುಗಳನ್ನು ಎಬ್ಬಿಸಿಕೊಂಡಿರುವುದು ಅವಿಸೆನ್ನಿಯಾ. ಇವಲ್ಲದೆ ಸೊನ್ನೆರೇಶಿಯಾ, ಕ್ಯಾಂಡೇಲಿಯಾ ಮುಂತಾದವೂ ಇವೆ.

ಕೆಸರಿನೊಳಗೆ ಗಾಳಿ ಇಲ್ಲ. ಅದಕ್ಕಾಗಿಯೇ ಈ ಮರಗಳು ಉಸಿರಾಡಲು ಬೇರನ್ನು ಮೇಲೆ ಚಾಚುತ್ತವೆ. ಉಪ್ಪಿನ ಸಮಸ್ಯೆಯನ್ನು ಒಂದೊಂದು ಜಾತಿ ಒಂದೊಂದು ಬಗೆಯಲ್ಲಿ ನೀಗಿಸಿಕೊಳ್ಳುತ್ತದೆ. ರೈಜೋಫೋರಾ ಹೆಚ್ಚಿನ ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ, ಅವಿಸೆನ್ನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಆ ಎಲೆಗೆ ನಾಲಿಗೆ ತಾಗಿಸಿದರೆ ಉಪ್ಪು ಗೊತ್ತಾಗುತ್ತದೆ. ರೈಜೋಫೋರಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಒಂದು ಮೊಳದವರೆಗೂ ಉದ್ದದ ಹಸಿರು ಕೋಲಾಗಿ ತೂಗುತ್ತದೆ. ಬಲಿತ ಮೇಲೆ ಕೆಳಗೆ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲುತ್ತ ಹೋಗಿ ಎಲ್ಲೋ ದಡ ಸೇರುತ್ತದೆ. ನೆಡುವ ಕಾರ್ಯಕ್ರಮಗಳಲ್ಲಿ ಕೈಗೆ ಕೊಡುವುದು ಹೆಚ್ಚಾಗಿ ಇದೇ ಕೋಲನ್ನು.

ಕಾಂಡ್ಲಾದ ಉಪಯೋಗ ಹಲವು. ಬೇರಿನ ಸಂದಿಯಲ್ಲಿ ಸಿಗಡಿ, ಏಡಿ, ಮೀನುಗಳ ಮರಿಗಳಿಗೆ ಆಸರೆ. ಉದುರಿದ ಎಲೆ ಕೊಳೆತು ಅವುಗಳ ಆಹಾರದ ಮೂಲವಾಗುತ್ತದೆ. ಅಲೆಯ ಹೊಡೆತವೂ ತಗ್ಗುತ್ತದೆ: ನೂರು ಮೀಟರ್ ಅಗಲದ ಕಾಂಡ್ಲಾ ಪಟ್ಟಿ ಅಲೆಯ ಎತ್ತರವನ್ನು ಶೇ. 13ರಿಂದ 66ರವರೆಗೆ ಇಳಿಸಬಲ್ಲದು ಎಂದು ಅಧ್ಯಯನಗಳು ತೋರಿಸಿವೆ. ಈ ಎರಡು ಅಂಕಿಗಳ ನಡುವೆ ಇಷ್ಟು ಅಂತರವಿರುವುದು ಮರದ ಜಾತಿ, ದಟ್ಟಣೆ, ನೀರಿನ ಆಳ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ. ವಾತಾವರಣದ ಇಂಗಾಲ ಅದರ ಕೆಸರಿನಲ್ಲಿ ಕೂಡಿಕೊಳ್ಳುವುದು ಮತ್ತೊಂದು ಲಾಭ. ಸರ್ಕಾರಗಳೂ ಕಂಪನಿಗಳೂ ಈಗ ಕಾಂಡ್ಲಾದ ಮೇಲೆ ಆಸಕ್ತಿ ತೋರಲು ಇದು ದೊಡ್ಡ ಕಾರಣ.

2021ರ ಅರಣ್ಯ ಸ್ಥಿತಿ ವರದಿಯ ಪ್ರಕಾರ ದೇಶದಲ್ಲಿ 4,992 ಚದರ ಕಿ.ಮೀ. ಕಾಂಡ್ಲಾ ಇದೆ. ಅದರಲ್ಲಿ ಕರ್ನಾಟಕದ ಪಾಲು ಬರೀ 13. ಕಾಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ ಮುಂತಾದ ಅಳಿವೆಗಳಲ್ಲಿ ಅದು ಚೂರುಚೂರಾಗಿ ಹಂಚಿಹೋಗಿದೆ. ಚೂರುಗಳು ಸಣ್ಣವಾದ್ದರಿಂದ ಒಂದೊಂದೂ ಯಾವುದೋ ಊರಿನ ಮನೆ ಹಿತ್ತಲಿಗೋ ಗದ್ದೆಯ ಕಟ್ಟೆಗೋ ದೋಣಿ ಕಟ್ಟುವ ಜಾಗಕ್ಕೋ ತಾಗಿಯೇ ಇದೆ. ಇಲ್ಲಿ ಜನರಿಲ್ಲದ ಕಾಂಡ್ಲಾ ಕಾಡು ಎಂಬುದೇ ಇಲ್ಲ.

ನೆಟ್ಟದ್ದು ಯಾಕೆ ಸಾಯುತ್ತದೆ?

ಪುನಶ್ಚೇತನ ಎಂದರೆ ಗಿಡ ನೆಡುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಪುನಶ್ಚೇತನ ಎಂದರೆ ಹಾಳಾದ ಜಾಗ ಮತ್ತೆ ತನ್ನಷ್ಟಕ್ಕೆ ತಾನು ಬದುಕುವಂತೆ ಮಾಡುವುದು. ಕೆಲವೊಮ್ಮೆ ಅದಕ್ಕೆ ನೆಡಬೇಕಾಗುತ್ತದೆ, ಕೆಲವೊಮ್ಮೆ ಒಂದು ಗಿಡವನ್ನೂ ನೆಡಬೇಕಾಗಿಲ್ಲ.

ಕಾಂಡ್ಲಾದ ಅಳಿವು ಉಳಿವು ಭರತ ಇಳಿತಗಳ ಲೆಕ್ಕದ ಮೇಲೆ ನಿಂತಿದೆ. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಹೊತ್ತು ಕೆಸರು ಗಾಳಿಗೆ ತೆರೆದಿರುತ್ತದೆ ಎಂಬುದು ಒಂದೊಂದು ಗೇಣು ಎತ್ತರಕ್ಕೂ ಬದಲಾಗುತ್ತದೆ. ನಾಟಿ ಮಾಡಿದ ಗದ್ದೆಯಲ್ಲಿ ನೀರು ಹೆಚ್ಚಾಗಿ ನಿಂತರೆ ಸಸಿ ಕೊಳೆಯುತ್ತದೆ, ಕಮ್ಮಿಯಾದರೆ ಒಣಗುತ್ತದೆ. ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಂಡ್ಲಾ ಕಥೆಯೂ ಅಷ್ಟೇ. ತೀರಾ ತಗ್ಗಿನಲ್ಲಿ ನೆಟ್ಟ ಸಸಿಯ ಬೇರಿಗೆ ಉಸಿರಾಡಲು ಸಮಯ ಸಿಗುವುದಿಲ್ಲ. ತೀರಾ ಮೇಲೆ ನೆಟ್ಟರೆ ಬೇಸಿಗೆಯಲ್ಲಿ ಕೆಸರು ಒಣಗಿ ಉಪ್ಪು ಕಟ್ಟುತ್ತದೆ.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಶ್ರೀಲಂಕಾದಲ್ಲೇ ಉದಾಹರಣೆ ಇದೆ. 2004ರ ಸುನಾಮಿಯ ನಂತರ ಅಲ್ಲಿ ಕಾಂಡ್ಲಾ ನೆಡುವ ದೊಡ್ಡ ಅಲೆಯೇ ಎದ್ದಿತು. ಸಂಶೋಧಕರು 23 ಜಾಗಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾವಿರಕ್ಕೂ ಹೆಚ್ಚು ಹೆಕ್ಟೇರ್‌ನಲ್ಲಿ ನೆಟ್ಟದ್ದರಲ್ಲಿ ಉಳಿದುಕೊಂಡದ್ದು ಇನ್ನೂರರ ಆಸುಪಾಸು. ಒಂಬತ್ತು ಜಾಗಗಳಲ್ಲಿ ಒಂದು ಗಿಡವೂ ಇರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ನಡೆದ ನೆಡುವಿಕೆಯನ್ನು 2008ರಲ್ಲಿ ಅವಲೋಕಿಸಿದವರಿಗೆ ಕಂಡದ್ದೂ ಇದೇ, ಅಲ್ಲಿ ಬದುಕಿದ್ದು ಶೇ. 10ರಿಂದ 20 ಮಾತ್ರ. ಕಾಂಡ್ಲಾಕ್ಕೆ ಒಗ್ಗುವ ಮೇಲಿನ ಜಾಗಗಳು ಮೀನುಹೊಂಡಗಳಾಗಿದ್ದವು. ಅದನ್ನು ಬಿಡಿಸುವುದು ಕಷ್ಟ, ಯಾರೂ ಕೇಳದ ತಗ್ಗಿನ ಕೆಸರುಬಯಲಿನಲ್ಲಿ ನೆಡುವುದು ಸುಲಭ. ಹಾಗಾಗಿ ಗಿಡ ಬದುಕದ ಜಾಗದಲ್ಲೇ ಗಿಡ ಹೋಯಿತು.

ಇಂಥ ಸೋಲುಗಳನ್ನು ನೋಡಿಯೇ ಅಮೆರಿಕದ ಫ್ಲಾರಿಡಾದಲ್ಲಿ ರಾಬಿನ್ ಲೂಯಿಸ್ ಎಂಬ ವಿಜ್ಞಾನಿ ಬೇರೆ ದಾರಿ ಹೇಳಿದರು. ಮೊದಲು ಕಾಂಡ್ಲಾ ಯಾಕೆ ಹೋಯಿತು ಎಂದು ಕೇಳಿ, ನೀರಿನ ಓಡಾಟಕ್ಕೆ ಏನು ಅಡ್ಡ ಬಂದಿದೆಯೋ ಅದನ್ನು ತೆಗೆಯಿರಿ, ಬೀಜ ತಾನೇ ತೇಲಿಬರುತ್ತದೆಯೇ ನೋಡಿ, ಬರದಿದ್ದರೆ ಮಾತ್ರ ನೆಡಿ. ಇಷ್ಟೇ ಅದರ ಸಾರ.

‘ಯಾಕೆ ಹೋಯಿತು’ ಎಂಬ ಆ ಮೊದಲ ಪ್ರಶ್ನೆಗೆ ಉತ್ತರ ಇರುವುದು ಬಹುಪಾಲು ಊರಿನವರ ನೆನಪಿನಲ್ಲಿ. ಎಲ್ಲಿ ಯಾವ ಕಟ್ಟೆ ಬಂತು, ಯಾವ ಕೋಡಿ ಮುಚ್ಚಿತು, ಮೊದಲು ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂಬುದು ಉಪಗ್ರಹದ ಚಿತ್ರದಲ್ಲಿ ಪೂರ್ತಿ ಸಿಗುವುದಿಲ್ಲ. ಜನರೊಂದಿಗಿನ ಮಾತುಕತೆ ಪುನಶ್ಚೇತನದ ಮೊದಲ ಹೆಜ್ಜೆಯಾಗುವುದು ಈ ಕಾರಣಕ್ಕೆ. ಗಿಡ ನೆಟ್ಟ ಮೇಲೆ ಮಾಡುವ ಪ್ರಚಾರ ಇದರ ಜಾಗ ತುಂಬುವುದಿಲ್ಲ.

ಪಿಚಾವರಂನಲ್ಲಿ ತಪ್ಪು ಯಾರದ್ದಾಗಿತ್ತು?

ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ, ಚಿದಂಬರಂ ಹತ್ತಿರ ಪಿಚಾವರಂ ಕಾಂಡ್ಲಾ ಕಾಡಿದೆ. ದೋಣಿವಿಹಾರಕ್ಕೆ ಹೋದವರು ನಮ್ಮಲ್ಲೂ ಅನೇಕರಿದ್ದಾರೆ. ಆ ಕಾಡಿನ ಒಳಭಾಗ ಒಂದು ಕಾಲಕ್ಕೆ ಬೋಳಾಗಿತ್ತು. ಸುತ್ತಲಿನ ಹಳ್ಳಿಯವರು ಸೌದೆ ಕಡಿದು, ದನ ಮೇಯಿಸಿ ಹಾಳುಮಾಡಿದರು ಎಂಬುದು ಅಧಿಕಾರಿಗಳಲ್ಲಿ ಬೇರೂರಿದ್ದ ನಂಬಿಕೆ. ಹಾಗೆ ನಂಬಿದರೆ ಜಾಗೃತಿ ಕಾರ್ಯಕ್ರಮದ ರೂಪವೂ ತಾನಾಗಿಯೇ ಗೊತ್ತಾಗುತ್ತದೆ: ಕಡಿಯಬೇಡಿ, ಮೇಯಿಸಬೇಡಿ ಎಂದು ಹಳ್ಳಿಯವರಿಗೆ ಬುದ್ಧಿ ಹೇಳುವುದು.

1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಹಳ್ಳಿಯವರೊಂದಿಗೆ ಕೂತು ಕಾಡಿನ ಚರಿತ್ರೆ ಕೇಳಿದರು, ಮಣ್ಣಿನ ಎತ್ತರ ಮತ್ತು ಉಪ್ಪನ್ನು ಅಳೆದರು. ಸಿಕ್ಕ ಕಾರಣ ಬೇರೆಯೇ. ಬ್ರಿಟಿಷರ ಕಾಲದಿಂದ 1970ರ ದಶಕದವರೆಗೂ ಅರಣ್ಯ ನಿರ್ವಹಣೆಯ ಹೆಸರಿನಲ್ಲೇ ಕಾಡನ್ನು ಭಾಗ ಮಾಡಿ, ಸರದಿಯಂತೆ ಒಂದೊಂದು ಭಾಗವನ್ನು ಪೂರ್ತಿ ಕಡಿಯುತ್ತಿದ್ದರು. ಮರ ಹೋದ ಮೇಲೆ ಬಿಸಿಲು ನೇರ ಕೆಸರಿಗೆ ಬಿತ್ತು. ಕೆಸರಿನ ನೀರು ಆರಿ ನೆಲ ಕುಸಿಯಿತು. ನಡುವೆ ತಗ್ಗಾದ ಆ ಜಾಗಕ್ಕೆ ಭರತದ ನೀರು ಬರುತ್ತಿತ್ತು, ಇಳಿತದಲ್ಲಿ ಹೊರಹೋಗುತ್ತಿರಲಿಲ್ಲ. ನಿಂತ ನೀರು ಆವಿಯಾದ ಹಾಗೆಲ್ಲ ಉಪ್ಪು ಏರಿತು. ಆ ಉಪ್ಪಿನಲ್ಲಿ ಕಾಂಡ್ಲಾ ಬೀಜವೂ ಬದುಕಲಿಲ್ಲ.

ಕಾರಣ ಗೊತ್ತಾದ ಮೇಲೆ ಪರಿಹಾರ ಗೊತ್ತಾಯಿತು. ಒಂದು ಮುಖ್ಯ ಕಾಲುವೆ, ಅದಕ್ಕೆ ಎರಡೂ ಬದಿಯಿಂದ ಓರೆಯಾಗಿ ಸೇರುವ ಸಣ್ಣ ಕಾಲುವೆಗಳನ್ನು ತೋಡಿ ಭರತದ ನೀರು ಬಂದು ಹೋಗುವಂತೆ ಮಾಡಿದರು. ಉಪ್ಪು ಇಳಿದ ಮೇಲೆ ಕಾಲುವೆಯ ಅಂಚಿನಲ್ಲಿ ಸಸಿ ನೆಟ್ಟರು. ಕಾಲುವೆಯಲ್ಲಿ ಹೂಳು ತುಂಬಿದಾಗ ತೆಗೆಯಬೇಕಲ್ಲ, ಅದನ್ನು ನೋಡಿಕೊಳ್ಳಲು ಹಳ್ಳಿ ಮಟ್ಟದ ಸಂಘಗಳಾದವು. ಪ್ರತಿ ಮನೆಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಅದರ ಸದಸ್ಯರು. ಅರಣ್ಯ ಇಲಾಖೆ, ಸಂಸ್ಥೆ, ಹಳ್ಳಿ ಮೂವರೂ ಸೇರಿ ನಡೆಸುವ ಈ ಪದ್ಧತಿ ಮುಂದೆ ಆಂಧ್ರ, ಒಡಿಶಾಗಳಿಗೂ ಹೋಯಿತು.

2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಕಡಲೂರು ಕರಾವಳಿಯಲ್ಲಿ ಮರಗಳ ಹಿಂದಿದ್ದ ಹಳ್ಳಿಗಳಿಗೆ ಬಯಲಿನಲ್ಲಿದ್ದ ಹಳ್ಳಿಗಳಿಗಿಂತ ಕಡಿಮೆ ಹಾನಿಯಾದದ್ದನ್ನು ಸಂಶೋಧಕರು ದಾಖಲಿಸಿದರು. ಇದನ್ನು ಹೇಳುವಾಗ ಎಚ್ಚರವೂ ಬೇಕು. ಎಂಥ ಸುನಾಮಿಯನ್ನೂ ಕಾಂಡ್ಲಾ ತಡೆಯುತ್ತದೆ ಎಂದು ಜಾಗೃತಿ ಸಭೆಯಲ್ಲಿ ಭರವಸೆ ಕೊಟ್ಟರೆ ಅದು ಜನರ ಜೀವದ ಜೊತೆ ಆಟವಾಡಿದಂತೆ. ಎಚ್ಚರಿಕೆ ಬಂದಾಗ ಜಾಗ ಬಿಟ್ಟು ಓಡಲೇಬೇಕು.

ಅಘನಾಶಿನಿಯ ಲೆಕ್ಕ ಬೇರೆ

ಶಿರಸಿಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಹರಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುವ ಹೊಳೆ ಇದು. ಇದರ ಅಳಿವೆಯಲ್ಲಿ ಒಂದೇ ನೀರನ್ನು ನಂಬಿದವರು ಹಲವರು. ಇಳಿತದ ಹೊತ್ತಿಗೆ ಕೆಸರುಬಯಲಿಗೆ ಇಳಿದು ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರು, ಬಲೆ ಬೀಸುವ ಅಂಬಿಗರು, ಹರಿಕಂತರು, ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ದುಡಿಯುವವರು, ಗಜನಿ ಗದ್ದೆಯ ರೈತರು.

ಗಜನಿ ಎಂದರೆ ಅಳಿವೆಯ ಅಂಚಿನ ತಗ್ಗು ಭೂಮಿ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಹಿಂದೆ ಊರವರೇ ಸೇರಿ ಮಣ್ಣಿನ ಕಟ್ಟೆ ಹಾಕುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಆಮೇಲೆ ಸಿಗಡಿ ಕೃಷಿಯ ಹುರುಪು ಬಂತು, 90ರ ದಶಕದ ನಡುವೆ ಸಿಗಡಿಗೆ ರೋಗವೂ ಬಂತು. ಎಷ್ಟೋ ಗಜನಿಗಳು ಭತ್ತವೂ ಇಲ್ಲದೆ ಸಿಗಡಿಯೂ ಇಲ್ಲದೆ ಪಾಳುಬಿದ್ದವು.

ಈ ಊರುಗಳಲ್ಲಿ ಕಾಂಡ್ಲಾ ಎಲ್ಲಿಗೆ ಸರಿ, ಎಲ್ಲಿಗೆ ಸರಿಯಲ್ಲ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಗಜನಿ ಕಟ್ಟೆಯ ಹೊರಮೈಗೆ ನೆಟ್ಟ ಕಾಂಡ್ಲಾ ಬೇರೂರಿದರೆ ಮಣ್ಣು ಕೊಚ್ಚಿಹೋಗುವುದು ತಗ್ಗುತ್ತದೆ, ಕಟ್ಟೆ ರಿಪೇರಿಯ ಖರ್ಚು ಉಳಿಯುತ್ತದೆ. ರೈತನಿಗೆ ಇದು ಕಣ್ಣಿಗೆ ಕಾಣುವ ಲಾಭ. ಆದರೆ ಬಳಚು ಸಿಗುವ ಬಯಲಿನಲ್ಲಿ ಅದೇ ಗಿಡ ನೆಟ್ಟರೆ ಹೆಂಗಸರ ದಿನದ ಅನ್ನಕ್ಕೆ ಕಲ್ಲು ಬೀಳುತ್ತದೆ. ಚಳಿಗಾಲಕ್ಕೆ ದೂರದಿಂದ ಬರುವ ನೀರುಹಕ್ಕಿಗಳಿಗೂ ಮೇಯಲು ಬರಿಯ ಕೆಸರುಬಯಲೇ ಬೇಕು. ಕೆಸರುಬಯಲು ಖಾಲಿ ಜಾಗವಲ್ಲ. ನಕ್ಷೆಯಲ್ಲಿ ಖಾಲಿ ಕಾಣುತ್ತದೆ ಅಷ್ಟೆ.

ಹಾಗಾಗಿ ಅಳಿವೆಯಲ್ಲಿ ಜನಜಾಗೃತಿ ಎಂದರೆ ಮೊದಲು ಇಳಿತದ ಹೊತ್ತು ನೋಡಿಕೊಂಡು ಊರಿನವರ ಜೊತೆ ದಂಡೆಯಲ್ಲಿ ನಡೆಯುವುದು. ದೋಣಿ ದಾರಿ ಯಾವುದು, ಬಲೆ ಕಟ್ಟುವ ಜಾಗ ಯಾವುದು, ಬಳಚಿನ ಬಯಲು ಎಲ್ಲಿಂದ ಎಲ್ಲಿಗೆ, ತೂಬಿನ ಬಾಯಿ ಎಲ್ಲಿದೆ ಎಂದು ಅವರೇ ನಕ್ಷೆಯಲ್ಲಿ ಗುರುತು ಹಾಕುವುದು. ಸಭೆಯ ಸಮಯವನ್ನೂ ಅಷ್ಟೇ ನಿಗಾ ಇಟ್ಟು ಗೊತ್ತುಮಾಡಬೇಕು. ಇಳಿತದ ಹೊತ್ತಿಗೆ ಸಭೆ ಕರೆದರೆ ಬಳಚು ಆರಿಸುವ ಒಬ್ಬಳೂ ಬರಲಾರಳು, ಅವಳ ಒಪ್ಪಿಗೆ ಇಲ್ಲದೆಯೇ ಎಲ್ಲರ ಒಪ್ಪಿಗೆ ಸಿಕ್ಕಿತು ಎಂದು ದಾಖಲೆಯಾಗುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಇಲ್ಲಿ, ಅದೂ ಯಾರಿಗೂ ಗೊತ್ತಾಗದ ಹಾಗೆ.

ಜನರ ಅಂಜಿಕೆಗಳಿಗೆ ಏನು ಉತ್ತರ?

ಗಿಡ ಬಂದರೆ ಜಾಗ ಅರಣ್ಯ ಇಲಾಖೆಯದ್ದಾಗುತ್ತದೆ, ಆಮೇಲೆ ನಮ್ಮನ್ನು ಒಳಗೆ ಬಿಡುವುದಿಲ್ಲ. ಇದು ಎಲ್ಲ ಕಡೆ ಕೇಳುವ ಅಂಜಿಕೆ, ಮತ್ತು ಇದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲಾ ಇರುವ ಜಾಗ ಅತ್ಯಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ. 2019ರ ಅಧಿಸೂಚನೆಯಂತೆ ಕಾಂಡ್ಲಾ ಸಾವಿರ ಚದರ ಮೀಟರಿಗಿಂತ ಹೆಚ್ಚಿದ್ದರೆ ಅದರ ಸುತ್ತ 50 ಮೀಟರ್ ಕಾಪುಪಟ್ಟಿಯೂ ಬೇಕು. ಮನೆ ಕಟ್ಟುವವರಿಗೆ, ದಕ್ಕೆ ಮಾಡುವವರಿಗೆ ಇದರಿಂದ ತೊಂದರೆ ಆಗಬಹುದು. ಆದ್ದರಿಂದ ಯಾವ ಸರ್ವೆ ನಂಬರಿನಲ್ಲಿ ನೆಡುತ್ತಾರೆ, ಆ ಜಾಗದ ಒಡೆತನ ಯಾರದ್ದು, ಮುಂದೆ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ನೆಡುವ ಮೊದಲೇ ಕನ್ನಡದಲ್ಲಿ ಬರೆದು ಊರಿನವರಿಗೆ ಕೊಡಬೇಕು.

ಇನ್ನೊಂದು ಪ್ರಶ್ನೆ: ತಾವು ಬಿಡುವ ಹೊಗೆಗೆ ಬದಲಾಗಿ, ಕಾಡು ಹಿಡಿದಿಡುವ ಇಂಗಾಲಕ್ಕೆ ಕಂಪನಿಗಳು ಕೊಡುವ ದುಡ್ಡು ಯಾರಿಗೆ? ಕೆನ್ಯಾ ದೇಶದ ಗಾಜಿ ಕೊಲ್ಲಿಯಲ್ಲಿ ‘ಮಿಕೋಕೊ ಪಮೋಜಾ’ ಎಂಬ ಯೋಜನೆ 2013ರಿಂದ ನಡೆಯುತ್ತಿದೆ. ಅಲ್ಲಿನ ಹಳ್ಳಿಯವರು 117 ಹೆಕ್ಟೇರ್ ಕಾಂಡ್ಲಾ ಕಾಯುತ್ತಾರೆ. ಆ ಕಾಡು ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಬರುವ ಹಣ ಹಳ್ಳಿಗೇ ಸೇರುತ್ತದೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಹಳ್ಳಿಯವರೇ ತೀರ್ಮಾನಿಸುತ್ತಾರೆ. ಕುಡಿಯುವ ನೀರು, ಶಾಲೆಯ ಪುಸ್ತಕಗಳಿಗೆ ಅದು ಹೋಗಿದೆ.

ಮಕ್ಕಳನ್ನು ಕರೆದಾಗ

ಶಾಲೆ ಮಕ್ಕಳು ಒಂದು ದಿನ ಬಂದು ಕೋಲು ಚುಚ್ಚಿ ಹೋಗುವುದರಿಂದ ಕಾಂಡ್ಲಾಕ್ಕೆ ಹೆಚ್ಚೇನೂ ಆಗುವುದಿಲ್ಲ. ಆ ಮಕ್ಕಳೇ ಮತ್ತೆ ಮತ್ತೆ ಬಂದು ಲೆಕ್ಕ ಹಾಕಿದರೆ ಬಹಳ ಆಗುತ್ತದೆ. ಎಷ್ಟು ಸಸಿ ಬದುಕಿದೆ, ಯಾವ ಸಾಲು ಸತ್ತಿದೆ, ಅಲ್ಲಿ ಭರತದಲ್ಲಿ ನೀರು ಎಷ್ಟು ನಿಲ್ಲುತ್ತದೆ ಎಂದು ಗುರುತು ಮಾಡಿದ ಕೋಲಿನಿಂದ ಅಳೆಯುವುದು ಎಂಟನೇ ತರಗತಿಯ ಮಕ್ಕಳಿಗೆ ಕಷ್ಟವಲ್ಲ. ಗಣಿತವೂ ವಿಜ್ಞಾನವೂ ಅಲ್ಲೇ ಸಿಗುತ್ತವೆ. ಮೂರು ವರ್ಷ ಬರೆದಿಟ್ಟ ಅಂಥ ಪುಸ್ತಕ ಇದ್ದರೆ ಮುಂದಿನ ಸಲ ಎಲ್ಲಿ ನೆಡಬಾರದು ಎಂದು ಇಲಾಖೆಗೂ ಗೊತ್ತಾಗುತ್ತದೆ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ ನಡುವೆ ಅರಣ್ಯ ಇಲಾಖೆ ನಡೆದಾಡಲು ಮರದ ಹಾದಿ ಮಾಡಿದೆ. ಕೆಸರಿಗೆ ಇಳಿಯದೆಯೇ ಬೇರು, ಏಡಿಗಳನ್ನು ಹತ್ತಿರದಿಂದ ತೋರಿಸಲು ಶಿಕ್ಷಕರಿಗೆ ಅದು ಒಳ್ಳೆಯ ಜಾಗ.

ಪಾಠ ಹೇಳುವವರು ಅಧಿಕಾರಿಗಳೇ ಆಗಬೇಕೆಂದಿಲ್ಲ. ಕೇರಳದ ಕಣ್ಣೂರು ಜಿಲ್ಲೆಯ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬ ದಲಿತ ಕೃಷಿ ಕಾರ್ಮಿಕರೊಬ್ಬರು 1989ರಲ್ಲಿ ಕಾಂಡ್ಲಾ ನೆಡಲು ಶುರುಮಾಡಿದರು. ಹೊಳೆಯಂಚಿನ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಗಾಳಿ ಅಲೆಗಳಿಂದ ಆಗುತ್ತಿದ್ದ ತೊಂದರೆ ತಪ್ಪಿಸುವುದು ಅವರ ಮೊದಲ ಉದ್ದೇಶವಾಗಿತ್ತು. ಶಾಲೆಯ ಓದು ಕಡಿಮೆ ಇದ್ದರೂ ಕಾಂಡ್ಲಾದ ಜಾತಿ, ಮೀನು, ಏಡಿಗಳ ಬಗ್ಗೆ ಅವರ ತಿಳಿವು ಆಳವಾದದ್ದು. 2015ರಲ್ಲಿ ತೀರಿಕೊಳ್ಳುವವರೆಗೂ ವಿದ್ಯಾರ್ಥಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಅಳಿವೆಗಳಲ್ಲೂ ಇಂಥ ತಿಳಿವಳಿಕೆ ಉಳ್ಳ ಹಿರಿಯರಿದ್ದಾರೆ. ಅವರನ್ನು ವೇದಿಕೆಯ ಕೆಳಗೆ ಕೂರಿಸಿ ಕೇಳಿಸುವ ಬದಲು ಮಾತಾಡಲು ಬಿಡಬೇಕು.

ನಿಮ್ಮೂರಿಗೆ ಯೋಜನೆ ಬಂದರೆ

ಮಾತಾಡಲು ಕಾನೂನಿನಲ್ಲೇ ಜಾಗಗಳಿವೆ. ಒಂದು ಗ್ರಾಮಸಭೆ. ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ. ಊರಿನ ಗಿಡ, ಪ್ರಾಣಿ, ಮೀನು ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವನ್ನು ದಾಖಲಿಸುವ ‘ಜನತಾ ಜೀವವೈವಿಧ್ಯ ದಾಖಲಾತಿ’ ಪುಸ್ತಕ ಆ ಸಮಿತಿಯ ಹೊಣೆ. ಬಳಚಿನ ಬಯಲು, ಮೀನುಮರಿಯ ಜಾಗ, ಹಳೆಯ ಕೋಡಿಗಳು ಅದರಲ್ಲಿ ಬರೆದಿವೆಯೇ ಎಂದು ಸಮಿತಿಯವರನ್ನು ವಿಚಾರಿಸಬಹುದು, ಇಲ್ಲದಿದ್ದರೆ ಸೇರಿಸಲು ಕೇಳಬಹುದು.

ಯೋಜನೆಯವರ ಮುಂದೆ ಇಡಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಈ ಜಾಗದಲ್ಲಿ ಮೊದಲು ಕಾಂಡ್ಲಾ ಇತ್ತೇ, ಇದ್ದರೆ ಯಾಕೆ ಹೋಯಿತು? ನೀರಿನ ದಾರಿ ಸರಿಪಡಿಸಿದ್ದೀರಾ? ಯಾವ ಜಾತಿ, ಬೀಜ ಎಲ್ಲಿಯದು? ಮೂರು ವರ್ಷ ನೋಡಿಕೊಳ್ಳುವವರು ಯಾರು, ಅವರಿಗೆ ಕೂಲಿ ಎಲ್ಲಿಂದ? ಕೂಲಿಯ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗಬೇಕು, ಯಾಕೆಂದರೆ ‘ಮಿಷ್ಟಿ’ ಯೋಜನೆ ಶುರುವಾದಾಗಲೇ ಉದ್ಯೋಗ ಖಾತರಿ ಮತ್ತು ಪರಿಹಾರಾತ್ಮಕ ಅರಣ್ಯೀಕರಣ (ಕಳೆದುಹೋದ ಕಾಡಿಗೆ ಬದಲಾಗಿ ಗಿಡ ಬೆಳೆಸುವ) ನಿಧಿಗಳನ್ನು ಇದಕ್ಕೆ ಜೋಡಿಸುವುದಾಗಿ ಸರ್ಕಾರ ಹೇಳಿತ್ತು.